ವ್ಯಸನಮುಕ್ತಿ ಮತ್ತು ಸಂಸ್ಕೃತಿಯ ನೆಲೆ

ಕುಡಿತದ ಚಟ ನೈತಿಕ ದೌರ್ಬಲ್ಯವಲ್ಲ, ಅದೊಂದು ರೋಗ ಎಂದು ವೈದ್ಯವಿಜ್ಞಾನ ಸಾರಿದ್ದು ಮಹತ್ವದ ಮುನ್ನಡೆಯೇ ಸರಿ. ಆದರೆ ಊರಿಗೆ ಊರೇ ವ್ಯಸನಕ್ಕೆ ತುತ್ತಾದಾಗ, ರೋಗದ ಬೇರನ್ನು ಒಬ್ಬೊಬ್ಬರ ದೇಹದಲ್ಲಿ ಮಾತ್ರ ಹುಡುಕಿದರೆ ಸಾಲದು. ಕೆನಡಾದ ಮೂಲನಿವಾಸಿಗಳ ಇತಿಹಾಸ ಈ ಮಾತನ್ನು ಪುಷ್ಟೀಕರಿಸುತ್ತದೆ.

ಆ ದೇಶದ ಸರ್ಕಾರ ಪಶ್ಚಿಮ ಕರಾವಳಿಯ ಜನರ ಪಾಟ್ಲ್ಯಾಚ್ ಎಂಬ ದಾನೋತ್ಸವವನ್ನು 1885ರಿಂದ 1951ರವರೆಗೆ ಕಾನೂನಿನ ಮೂಲಕ ನಿಷೇಧಿಸಿತ್ತು. ವಸತಿಶಾಲೆಗಳಿಗಾಗಿ ಸುಮಾರು 1,50,000 ಮಕ್ಕಳನ್ನು ಮನೆಗಳಿಂದ ಬೇರ್ಪಡಿಸಲಾಯಿತು. ತಾಯ್ನುಡಿಯಾಡಿದ ಮಕ್ಕಳು ಶಿಕ್ಷೆಗೆ ಗುರಿಯಾದರು. 2015ರಲ್ಲಿ ವರದಿ ನೀಡಿದ ಸತ್ಯ ಮತ್ತು ಸಮನ್ವಯ ಆಯೋಗ ಇದನ್ನು ಸಾಂಸ್ಕೃತಿಕ ನರಮೇಧವೆಂದು ಕರೆಯಿತು. ಹೆತ್ತವರ ಲಾಲನೆ ಕಾಣದೆ ಬೆಳೆದವರಲ್ಲಿ ಎಷ್ಟೋ ಜನ ಮುಂದಿನ ಪೀಳಿಗೆಗೆ ದಾಟಿಸಿದ್ದು ಆ ನೋವನ್ನೇ. ಮದ್ಯ ಅದನ್ನು ಮರೆಯುವ ಸುಲಭ ಸಾಧನವಾಯಿತು.

ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಅಲ್ಕಲೈ ಲೇಕ್ ಎಂಬ ಊರಿನಲ್ಲಿ 1970ರ ದಶಕದ ಆರಂಭದಲ್ಲಿ ಕುಡಿಯದ ವಯಸ್ಕರು ತೀರ ವಿರಳ. 1972ರಲ್ಲಿ, ಪುಟ್ಟ ಮಗಳು ತನ್ನೊಡನೆ ಮನೆಗೆ ಬರಲೊಪ್ಪದಿದ್ದಾಗ, ಫಿಲಿಸ್ ಚೆಲ್ಸಿ ಎಂಬ ಮಹಿಳೆ ಕುಡಿತ ತೊರೆದರು. ಪತಿ ಆ್ಯಂಡಿ ಚೆಲ್ಸಿಯೂ ಅದೇ ದಾರಿ ಹಿಡಿದು, ಮುಂದೆ ಊರಿನ ಮುಖ್ಯಸ್ಥರಾದರು. ಕಳ್ಳ ಮದ್ಯಮಾರಾಟಕ್ಕೆ ತಡೆ ಬಿತ್ತು. ಸಹಾಯಧನ ನಗದಿನ ಬದಲು ಸಾಮಾನಿನ ಚೀಟಿಗಳ ರೂಪದಲ್ಲಿ ದೊರೆಯತೊಡಗಿತು. ಇದರೊಂದಿಗೆ ಬೆವರುಗುಡಿಸಲಿನ ಶುದ್ಧಿವಿಧಿ, ಪ್ರಾರ್ಥನೆ, ಕುಣಿತಗಳು ಮರಳಿದವು. ಮರೆತದ್ದನ್ನು ಕಲಿಯಲು ಹೊರಗಿನ ಹಿರಿಯರನ್ನೂ ಕರೆಸಲಾಯಿತು. 1980ರ ದಶಕದ ಮಧ್ಯಭಾಗದ ವೇಳೆಗೆ ಊರಿನ ಬಹುಪಾಲು ಜನ ಮದ್ಯಮುಕ್ತರಾಗಿದ್ದರು.

ಇಲ್ಲಿ ಸಂಸ್ಕೃತಿ ಚಿಕಿತ್ಸೆಗೆ ತೊಡಿಸಿದ ಅಲಂಕಾರವಾಗಿರಲಿಲ್ಲ. ಕುಡಿತ ಬಿಟ್ಟವನ ಬರಿದಾದ ಸಂಜೆಗಳಿಗೆ ಬಳಗವೊಂದು ಬೇಕು, ಹೊಣೆಯೊಂದು ಬೇಕು; ಅದನ್ನು ಆಚರಣೆಗಳು ಒದಗಿಸಿದವು. ಹಾಗೆಂದು ಸಂಸ್ಕೃತಿಯನ್ನು ಮಂತ್ರದಂಡವೆಂದು ಭಾವಿಸುವುದು ಅಪಾಯಕರ. ತೀವ್ರ ವ್ಯಸನಿ ಮದ್ಯವನ್ನು ಹಠಾತ್ತನೆ ನಿಲ್ಲಿಸಿದರೆ ಪ್ರಾಣಾಪಾಯವೂ ಉಂಟು. ಅಲ್ಲಿ ವೈದ್ಯರೇ ಬೇಕು. ಸಮುದಾಯದ ಒಪ್ಪಿಗೆಯಿಲ್ಲದೆ ಆಸ್ಪತ್ರೆಯ ವೇಳಾಪಟ್ಟಿಗೆ ಸೇರಿಸಿದ ವಿಧಿಯಾದರೋ ಬರಿಯ ಪ್ರದರ್ಶನ. ಕರ್ನಾಟಕದಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಲ್ಲಿಯೂ ಭಜನೆಗೆ ಸ್ಥಾನವಿದೆ. ಆದರೆ ಶಿಬಿರ ಮುಗಿದ ಮೇಲೆ ವ್ಯಕ್ತಿಯನ್ನು ಊರಿನಲ್ಲಿ ಕೈಹಿಡಿದು ನಡೆಸಲು ನವಜೀವನ ಸಮಿತಿಗಳಿವೆ ಎಂಬುದು ಅಷ್ಟೇ ಮುಖ್ಯ.

ಭಾಷಾಭ್ಯಾಸಿಗಳು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. 2007ರಲ್ಲಿ ಪ್ರಕಟವಾದ ಹ್ಯಾಲೆಟ್, ಚಾಂಡ್ಲರ್ ಮತ್ತು ಲಲೋಂಡ್ ಅವರ ಅಧ್ಯಯನದ ಪ್ರಕಾರ, ಬ್ರಿಟಿಷ್ ಕೊಲಂಬಿಯಾದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ನುಡಿಯಲ್ಲಿ ಮಾತನಾಡಬಲ್ಲ ಮೂಲನಿವಾಸಿ ಸಮುದಾಯಗಳಲ್ಲಿ ಯುವಜನರ ಆತ್ಮಹತ್ಯೆ ತೀರ ಕಡಿಮೆ. ಅದು ವ್ಯಸನವನ್ನು ಕುರಿತ ಅಧ್ಯಯನವಲ್ಲ. ಭಾಷೆಯೊಂದೇ ಕಾರಣವೆಂದು ಅದರಿಂದ ಸಿದ್ಧವಾಗುವುದೂ ಇಲ್ಲ. ಆದರೂ ನುಡಿಯ ಅಳಿವು ಪದಕೋಶಕ್ಕಷ್ಟೇ ಆಗುವ ನಷ್ಟವಲ್ಲವೆಂಬುದನ್ನು ಅದು ಮನಗಾಣಿಸುತ್ತದೆ. ಜಾನಪದವನ್ನು ಸಂಗ್ರಹಿಸಿ, ವರ್ಗೀಕರಿಸಿ, ಸಂಪುಟಗಳಲ್ಲಿ ಕಾಪಿಡುವ ಕೆಲಸವನ್ನು ಕನ್ನಡ ವಿದ್ವತ್ತು ನಿಷ್ಠೆಯಿಂದ ನಡೆಸಿಕೊಂಡು ಬಂದಿದೆ. ಹಾಡು ಯಾರ ಬದುಕಿನಿಂದ ಬಂದಿತೋ ಅವರಿಗೆ ಅದು ಮರಳುವಂತೆ ಮಾಡುವುದೂ ಅದರ ಕರ್ತವ್ಯಗಳಲ್ಲಿ ಒಂದಾಗಬೇಕು.