ಬಣ್ಣ ತೊಳೆದ ಮೇಲೆ
ಈ ವಾರ ಕೋಲವೊಂದರ ಆಮಂತ್ರಣ ಪತ್ರಿಕೆ ಕೈಸೇರಿತು: ದೈವದ ಹೆಸರು ದಪ್ಪಕ್ಷರದಲ್ಲಿ, ಮೊಕ್ತೇಸರರದು ಅದರ ಕೆಳಗೆ, ವೇಷ ಧರಿಸಿ ದೈವ ಕಟ್ಟುವವರದು ಎಲ್ಲೂ ಇಲ್ಲ. ಇಂಥ ಭೇದಭಾವವನ್ನು ಮಕ್ಕಳಿಗೆ ಯಾರೂ ಬಾಯಿಬಿಟ್ಟು ಕಲಿಸುವುದಿಲ್ಲ. ಅವರು ನೋಡಿಯೇ ಕಲಿಯುತ್ತಾರೆ. ರಾತ್ರಿ ಅಜ್ಜ ಯಾರ ಮುಂದೆ ಕೈಮುಗಿದು ನುಡಿ ಕೇಳಿದರೋ, ಬೆಳಿಗ್ಗೆ ಬಣ್ಣ ತೊಳೆದ ಅವರೇ ಎಷ್ಟೋ ಕಡೆ ಅಂಗಳದಾಚೆ ನಿಂತಿರುತ್ತಾರೆ. ಹತ್ತು ವರ್ಷದ ಹುಡುಗನಿಗೆ ಅಷ್ಟು ಪಾಠ ಸಾಕು. ಸಂವಿಧಾನ 1950ರಲ್ಲೇ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಆದರೆ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಸ್ವರ್ಗದಲ್ಲಿರುವ ಜಟಾಧಾರಿ ದೈವಸ್ಥಾನದ 18 ಮೆಟ್ಟಿಲುಗಳನ್ನು ದಲಿತರು ಕಟ್ಟಳೆ ಮುರಿದು ಹತ್ತಿದ್ದು 2018ರಲ್ಲಿ. ಅಲ್ಲಿಯವರೆಗೆ ದೈವದ ವೇಷಕ್ಕೆ ಇದ್ದ ದಾರಿ, ವೇಷ ಕಳಚಿದ ಮನುಷ್ಯನಿಗೆ ಇರಲಿಲ್ಲ. ವಿಚಿತ್ರವೆಂದರೆ, ಶಂಕರಾಚಾರ್ಯರಿಗೇ ಎದುರು ಪ್ರಶ್ನೆ ಹಾಕಿದ ಚಂಡಾಲನ ಕಥೆಯ ಪೊಟ್ಟನ್ ತೆಯ್ಯಂ ಕೂಡ ಇದೇ ನೆಲದ್ದು. ಕೆಂಡದ ರಾಶಿಯ ಮೇಲೆ ಒರಗಿ ಅದು ಜಾತಿಯನ್ನು ಛೇಡಿಸುವಾಗ ಎಲ್ಲರೂ ತಲೆದೂಗುತ್ತಾರೆ. ತಲೆದೂಗಿದ್ದನ್ನು ಮನೆಗೊಯ್ಯುವವರು ಕಡಿಮೆ. ಆದರೂ ನನಗೆ ಭರವಸೆಯಿದೆ: ನೋಡಿ ಕಲಿತದ್ದನ್ನು ನೋಡಿಯೇ ಮರೆಯಲೂಬಹುದು. ಕೋಲ ಮುಗಿದ ಮೇಲೆ ಒಂದೇ ಪಂಕ್ತಿಯಲ್ಲಿ ದೈವ ಕಟ್ಟಿದವರ ಪಕ್ಕ ಮೊಮ್ಮಗನನ್ನು ಕೂರಿಸಿ, ಅಜ್ಜನೂ ಕೂರಲಿ, ಉಪನ್ಯಾಸ ಬೇಕಾಗಿಲ್ಲ.