ಚಿತ್ರದ ಕೆಳಗೆ ಹೆಸರು ಬರೆಯುವವರು ಯಾರು?



ನಾನಿದ್ದ ಹಾಸ್ಟೆಲಿನ ಊಟದ ಕೋಣೆಯ ಗೋಡೆ ಮೇಲೆ ಒಂದು ದಿನ ಇದ್ದಿಲಲ್ಲಿ ಬರೆದ ಚಿತ್ರ ಕಾಣಿಸಿತು. ದೊಡ್ಡ ಹಂಡೆ, ಹಂಡೆ ತುಂಬ ನೀರು, ನೀರಲ್ಲಿ ಈಜುತ್ತಿರುವ ಒಂದೇ ಒಂದು ತೊಗರಿಬೇಳೆ. ಕೆಳಗೆ ಎರಡಕ್ಷರ: ‘ಸಾರು’. ತೊಗರಿ ಕಣಜ ಅನ್ನಿಸಿಕೊಂಡ ಜಿಲ್ಲೆಯಲ್ಲಿ ಇದು! ಅದೇ ಸಂಜೆ ವಾರ್ಡನ್ ಸುಣ್ಣ ಬಳಿಸಿದರು. ನಾವು ಕೊಟ್ಟ ಯಾವ ಅರ್ಜಿಗೂ ಅವರು ಅಷ್ಟು ಅವಸರ ಮಾಡಿರಲಿಲ್ಲ.

ಆ ಎರಡಕ್ಷರ ಇಲ್ಲದಿದ್ದರೆ ಅದು ಸ್ನಾನದ ಹಂಡೆಯಾಗಿಬಿಡುತ್ತಿತ್ತು.

ಈ ಗುಟ್ಟು ಕಲಿಯಲು ದೂರ ಹೋಗಬೇಕಿಲ್ಲ, ಸನ್ನತಿಗೆ ಹೋಗಿ ನೋಡ್ರಿ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದೊಳಗಿನ ಕಾಳಿಗುಡಿಯ ಮಾಳಿಗೆ ಕುಸಿದಾಗ, ಮೂರ್ತಿಗೆ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಶಾಸನದ ಮೇಲೆ ಯಾರನ್ನು ಕೂರಿಸಿದ್ದರು ನೋಡಿ! ಮುಂದೆ 1990ರ ದಶಕದಲ್ಲಿ, ಪಕ್ಕದ ಕನಗನಹಳ್ಳಿಯಲ್ಲಿ, ಭೀಮಾ ದಂಡೆಯ ಮೇಲೆ ಅಗೆದಾಗ ದೊಡ್ಡ ಸ್ತೂಪವೇ ಎದ್ದುಬಂತು. ಸುಣ್ಣಕಲ್ಲಿನ ಎತ್ತರದ ಚಪ್ಪಡಿಗಳು. ಮೇಲೊಂದು ಚೌಕಟ್ಟು, ಕೆಳಗೊಂದು ಚೌಕಟ್ಟು. ಒಳಗೆ ಜಾತಕ ಕಥೆಗಳು, ಬುದ್ಧನ ಬದುಕು. ಇದು ಯಾವ ಕಥೆ, ಇವರು ಯಾರು ಎಂದು ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತದಲ್ಲಿ ಕೊರೆದಿದ್ದಾರೆ. ಒಂದರಲ್ಲಿ ರಾಜ, ಸುತ್ತ ಹೆಂಗಸರು, ಛತ್ರಿ, ಚಾಮರ. ಯಾವನೋ ಒಬ್ಬ ರಾಜ ಅಂತ ಸುಮ್ಮನೆ ದಾಟಿಹೋಗುತ್ತಿದ್ದೆವು. ಆದರೆ ಅಲ್ಲಿ ‘ರಾಯೋ ಅಸೋಕೋ’ ಎಂದಿದೆ. ಎಷ್ಟೋ ಕಡೆ ಬುದ್ಧನನ್ನೇ ಬರೆದಿಲ್ಲ. ಖಾಲಿ ಪೀಠ, ಮರ, ಪಾದದ ಗುರುತು ಅಷ್ಟೇ. ಉಳಿದದ್ದನ್ನು ನೋಡುವವರ ತಲೆಗೆ ಬಿಟ್ಟಿದ್ದಾರೆ. ಕಾಮಿಕ್ಸು ಅಂದರೆ ಮತ್ತೇನು?

ಈಗ ಇನ್ನೊಂದು ಚಿತ್ರ. 1949ರಲ್ಲಿ ಶಂಕರ್ ಬರೆದದ್ದು. ಬಸವನಹುಳದ ಮೇಲೆ ಬಾಬಾಸಾಹೇಬರು ಕೂತಿದ್ದಾರೆ. ಹುಳದ ಮೇಲೆ ‘ಸಂವಿಧಾನ’ ಎಂಬ ಹೆಸರು. ಹಿಂದೆ ನೆಹರೂ, ಕೈಯಲ್ಲಿ ಚಾವಟಿ. ಕೆಲಸ ನಿಧಾನವಾಯಿತು ಎಂಬುದು ತಮಾಷೆ. ಎನ್‌ಸಿಇಆರ್‌ಟಿಯ 11ನೇ ತರಗತಿ ಪುಸ್ತಕದಲ್ಲಿದ್ದ ಈ ಚಿತ್ರಕ್ಕಾಗಿ 2012ರಲ್ಲಿ ಸಂಸತ್ತಿನಲ್ಲಿ ಗದ್ದಲವಾಯಿತು. ಚಾವಟಿ ಇರುವುದು ಹುಳಕ್ಕೆ, ಅಂಬೇಡ್ಕರರ ಕೈಯಲ್ಲೂ ಒಂದಿದೆ, ನಿಮಗೆ ಹಾಸ್ಯ ತಿಳಿಯೋದಿಲ್ಲ ಎಂದು ನಮಗೆ ಬುದ್ಧಿ ಹೇಳಿದವರು ಬಹಳ. ತಿಳಿಯುತ್ತದೆ ಸ್ವಾಮಿ. ದಿಲ್ಲಿಯ ಓದುಗನಿಗೆ ಚಾವಟಿ ಅಂದರೆ ಅವಸರ. ಜೀತಕ್ಕಿದ್ದವನ ಮೊಮ್ಮಗನಿಗೆ ಅದು ಅಜ್ಜನ ಬೆನ್ನು.

ಆದರೂ ‘ತೆಗೆದುಹಾಕಿ’ ಎಂಬ ಕೂಗಷ್ಟೇ ನನಗೆ ಸಾಲದು. ಉನ್ನಮತಿ ಶ್ಯಾಮಸುಂದರ್ 1932ರಿಂದ 1948ರವರೆಗೆ ಇಂಗ್ಲಿಷ್ ಪತ್ರಿಕೆಗಳು ಅಂಬೇಡ್ಕರರ ಮೇಲೆ ಬರೆದ ವ್ಯಂಗ್ಯಚಿತ್ರಗಳನ್ನು ಹುಡುಕಿ ತೆಗೆದು, ಒಂದೊಂದಕ್ಕೂ ಉತ್ತರ ಬರೆದು, 2019ರಲ್ಲಿ ಪುಸ್ತಕ ಮಾಡಿದರು. ಅವರೂ ವ್ಯಂಗ್ಯಚಿತ್ರಕಾರರೇ. 2011ರ ‘ಭೀಮಾಯಣ’ ಬಂದದ್ದು ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಎಂಬ ಗೊಂಡ ಕಲಾವಿದರ ಕೈಯಿಂದ. ಅವರು ಬಾಬಾಸಾಹೇಬರ ಕಥೆಯನ್ನು ಚೌಕಗಳಲ್ಲಿ ಕೂಡಿಹಾಕಲು ಒಪ್ಪಲಿಲ್ಲ. ಮೆತ್ತನೆಯ ಮಾತಿಗೆ ಹಕ್ಕಿಯ ಆಕಾರ, ಜಾತಿಯ ವಿಷ ಕಾರುವ ಮಾತಿಗೆ ಚೇಳಿನ ಕೊಂಡಿ. ಓದು ಬಾರದ ಅವ್ವನಿಗೂ ಯಾರ ಮಾತು ಕುಟುಕುತ್ತದೆ ಅಂತ ಗೊತ್ತಾಗುತ್ತದೆ.

ನಮ್ಮ ಹುಡುಗರಲ್ಲಿ ಕವಿಗಳು ಬೇಕಾದಷ್ಟಿದ್ದಾರೆ (ನನ್ನನ್ನೂ ಸೇರಿಸಿ, ಸ್ವಲ್ಪ ಜಾಸ್ತಿಯೇ ಆಗಿದ್ದಾರೆ). ಚಿತ್ರ ಬರೆಯುವವರು ಬೇಕು. ಸ್ಟೆನ್ಸಿಲ್ ಮೇಲೆ ಗೆರೆ ಮಾತ್ರ ನಿಲ್ಲುತ್ತದೆ, ಕಪ್ಪು ತುಂಬಲು ಹೋದರೆ ಹಾಳೆ ಹರಿದು ಮಸಿ ಸೋರುತ್ತದೆ. ಆದ್ದರಿಂದ ಕಡಿಮೆ ಗೆರೆಯಲ್ಲಿ ಬರೆಯಿರಿ.

ಬೇಳೆಯ ಚಿತ್ರ ಬರೆದ ಹುಡುಗ ಯಾರೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಇದನ್ನು ಓದುತ್ತಿದ್ದರೆ, ತಮ್ಮಾ, ಒಂದು ಚಿತ್ರ ಕಳಿಸು. ಹೆಸರು ಹಾಕೋದು ಬ್ಯಾಡ ಅಂದ್ರೆ ಹಾಕೋದಿಲ್ಲ.