ಎಷ್ಟು ಇಳಿಸಿದೆ ಅಂತ ಕೇಳಬೇಡಿ, ಎಷ್ಟು ಎತ್ತಿದೆ ಅಂತ ಕೇಳಿ

ಬೆಂಗಳೂರಿನ ಯಾವ ಜಿಮ್ಮಿಗೆ ಬೇಕಾದರೂ ಹೋಗಿ ನೋಡಿ. ಗಂಡಸು ಬಂದರೆ ಕೌಂಟರಿನಲ್ಲಿ ಕೂತವನು ಕೇಳೋದು, "ಏನ್ ಸಾರ್, ಬಾಡಿ ಬಿಲ್ಡ್ ಮಾಡ್ಬೇಕಾ?" ಹೆಂಗಸು ಬಂದರೆ, "ಎಷ್ಟು ಕೆ.ಜಿ. ಇಳಿಸ್ಬೇಕು ಮೇಡಂ?" ಅವನು ಏನನ್ನೋ ಕಟ್ಟೋಕೆ ಬಂದವನು, ಇವಳು ಇರೋದನ್ನ ಕಳ್ಕೊಳ್ಳೋಕೆ ಬಂದವಳು ಅಂತ ಮೊದಲ ದಿನವೇ ತೀರ್ಮಾನ ಆಗಿಹೋಗುತ್ತೆ. ಫೀಸು ಮಾತ್ರ ಇಬ್ಬರಿಗೂ ಒಂದೇ.

ನನ್ನ ತಕರಾರು ಈ ಎರಡನೇ ಪ್ರಶ್ನೆಯ ಮೇಲೆ. ಕೇಳೋಕೆ ಸಾಧಾರಣ ಪ್ರಶ್ನೆ. ಆದರೆ ಭಾರ ಎತ್ತೋಕೆ ಶುರು ಮಾಡಿದ ಎಷ್ಟೋ ಹೆಣ್ಣುಮಕ್ಕಳು, ಮೈ ಗಟ್ಟಿಯಾಗೋಕೆ ಶುರುವಾದ ಹೊತ್ತಿಗೆ ಸರಿಯಾಗಿ ಜಿಮ್ ಬಿಡೋದು ಇದೇ ಪ್ರಶ್ನೆಯಿಂದ.

ಹೇಗೆ ಅಂತೀರಾ? ಬಾರ್ ಹಿಡಿದು ಎರಡು ಮೂರು ವಾರ ಆಗಿರುತ್ತೆ. ಮೈಕೈ ನೋವು, ಆದರೂ ಖುಷಿ. ಆ ಖುಷಿಯಲ್ಲಿ ತೂಕದ ಮಷೀನು ಹತ್ತಿದರೆ ಒಂದೂವರೆ ಕಿಲೋ ಜಾಸ್ತಿ! ಇಷ್ಟು ಬೇಗ ಕೊಬ್ಬೂ ಬರಲ್ಲ, ಸ್ನಾಯುವೂ ಬರಲ್ಲ. ಬಂದಿರೋದು ಹೆಚ್ಚಿನಂಶ ನೀರು. ಅಭ್ಯಾಸವಿಲ್ಲದ ಸ್ನಾಯುವಿಗೆ ಕೆಲಸ ಕೊಟ್ಟಾಗ ಅದು ಒಳಗೇ ಸ್ವಲ್ಪ ಊದಿಕೊಂಡು ರಿಪೇರಿ ಮಾಡ್ಕೊಳ್ಳುತ್ತೆ. ಜೊತೆಗೆ ಮುಂದಿನ ಸಲಕ್ಕೆ ಇರಲಿ ಅಂತ ಗ್ಲೈಕೊಜೆನ್ ಅನ್ನೋ ಇಂಧನವನ್ನು ಕೂಡಿಡುತ್ತೆ. ಒಂದು ಗ್ರಾಂ ಗ್ಲೈಕೊಜೆನ್ ಜೊತೆ ಸುಮಾರು ಮೂರು ಗ್ರಾಂ ನೀರು ಬರುತ್ತೆ. ಕ್ರಿಯೇಟಿನ್ ತಗೊಳ್ತಿದ್ದರೆ ಅದೂ ಸ್ನಾಯುವಿನೊಳಕ್ಕೆ ನೀರು ಎಳೆಯುತ್ತೆ. ತಿಂಗಳ ಆ ದಿನಗಳು ಹತ್ತಿರ ಬಂದಾಗ ಒಂದೆರಡು ಕಿಲೋ ಏರಿ ಇಳಿಯೋದು ಇದ್ದೇ ಇದೆ. ಈ ಯಾವ ಕತೆಯೂ ಮಷೀನಿಗೆ ಗೊತ್ತಿಲ್ಲ. ಅದು ಒಂದು ಅಂಕಿ ತೋರಿಸಿ ಸುಮ್ಮನಾಗುತ್ತೆ. ಮಿಕ್ಕಿದ್ದನ್ನ ದೊಡ್ಡಮ್ಮ ಹೇಳ್ತಾರೆ: "ಏನೇ, ಜಿಮ್ಮಿಗೆ ದುಡ್ಡು ಸುರಿದು ಇನ್ನೂ ದಪ್ಪ ಆಗಿದ್ದೀಯಲ್ಲೇ!"

ಆಮೇಲೇನು? ಬಾರ್ ಬಿಟ್ಟು ಟ್ರೆಡ್‌ಮಿಲ್ಲು. ರಾತ್ರಿ ಊಟಕ್ಕೆ ಕತ್ತರಿ. ಮೂರು ತಿಂಗಳ ಪ್ಯಾಕೇಜ್ ಮುಗಿಯೋ ಹೊತ್ತಿಗೆ ಮನೆಯಲ್ಲಿ.

ಇನ್ನೊಂದು ಮಾತು ವಾಟ್ಸಾಪಿನಲ್ಲಿ ಓಡಾಡುತ್ತೆ, ಸ್ನಾಯು ಕೊಬ್ಬಿಗಿಂತ ಭಾರ ಅಂತ. ಒಂದು ಕಿಲೋ ಹತ್ತಿಯಾದರೂ ಒಂದು ಕಿಲೋ ಕಬ್ಬಿಣವಾದರೂ ಒಂದು ಕಿಲೋನೇ ಕಣ್ರೀ. ವ್ಯತ್ಯಾಸ ಇರೋದು ಜಾಗದಲ್ಲಿ. ಒಂದು ಲೀಟರಿನ ಪಾತ್ರೆಯಲ್ಲಿ ಕೊಬ್ಬು ತುಂಬಿದರೆ ಸುಮಾರು 900 ಗ್ರಾಂ ಹಿಡಿಯುತ್ತೆ. ಅದೇ ಪಾತ್ರೆಯಲ್ಲಿ ಸ್ನಾಯು ತುಂಬಿದರೆ ಸುಮಾರು 1,060 ಗ್ರಾಂ. ಹಾಗಾಗಿ ತೂಕ ಒಂದೇ ಇದ್ದರೂ ಬಟ್ಟೆ ಸಡಿಲ ಆಗಬಹುದು, ತೂಕ ಹೆಚ್ಚಿದರೂ ಸೊಂಟ ಇಳಿಯಬಹುದು.

ಇದನ್ನ ನನಗೆ ಮೊದಲು ಹೇಳಿದ್ದು ನಮ್ಮ ಏರಿಯಾದ ಟೈಲರ್. ರವಿಕೆ ಅಳತೆ ತಗೊಳ್ಳುವಾಗ ಹಳೇ ಪುಸ್ತಕ ತೆಗೆದು ನೋಡಿ, "ಮೇಡಂ, ತೋಳು ಅರ್ಧ ಇಂಚು ಬಿಡಬೇಕು, ಕೆಳಗಡೆ ಒಂದು ಇಂಚು ಹಿಡೀಬೇಕು, ಏನ್ ಮಾಡ್ತಿದ್ದೀರಾ?" ಅಂದರು. ಅವರ ಟೇಪು ಎರಡು ಜಾಗದಲ್ಲಿ ಎರಡು ಮಾತು ಹೇಳ್ತು. ತೂಕದ ಮಷೀನಿಗೆ ಅಷ್ಟು ವಿವೇಚನೆ ಇಲ್ಲ.

ನನ್ನ ಲೆಕ್ಕವನ್ನೇ ಕೊಡ್ತೀನಿ. ಎತ್ತರ 158 ಸೆಂ.ಮೀ. ಹದಿನೈದು ತಿಂಗಳ ಹಿಂದೆ ತೂಕ 57 ಕಿಲೋ, ಸೊಂಟ 81 ಸೆಂ.ಮೀ. ಇವತ್ತು ತೂಕ 60, ಸೊಂಟ 76. ಈಗ ಇದಕ್ಕೆ ಬಿ.ಎಂ.ಐ. ಹಾಕಿ ನೋಡಿ. ಆಗ 22.8, ಈಗ 24. ಏಷ್ಯಾದವರಿಗೆ 23 ದಾಟಿದರೆ ತೂಕ ಹೆಚ್ಚು ಅಂತ ನಮ್ಮ ಡಾಕ್ಟರುಗಳು ಬಳಸೋ ಚಾರ್ಟು ಹೇಳುತ್ತೆ. ಸೊಂಟದ ಲೆಕ್ಕದಲ್ಲಿ ಭಾರತದ ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಅಪಾಯ ಅಂತ ಅದೇ ವೈದ್ಯಶಾಸ್ತ್ರ ಹೇಳುತ್ತೆ. ಅಂದರೆ ಹೊಟ್ಟೆಯ ಕೊಬ್ಬು ಅಪಾಯದ ಗೆರೆ ದಾಟಿದ್ದಾಗ ನಾನು "ನಾರ್ಮಲ್". ಆ ಗೆರೆಯಿಂದ ಈಚೆ ಬಂದ ಮೇಲೆ "ಓವರ್‌ವೇಟ್"!

ಈ ಬಿ.ಎಂ.ಐ. ಸೂತ್ರ ಹುಟ್ಟಿದ್ದು 1830ರ ದಶಕದಲ್ಲಿ, ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಅನ್ನೋ ಸಂಖ್ಯಾಶಾಸ್ತ್ರಜ್ಞನ ಕೈಯಲ್ಲಿ. ಆತ ವೈದ್ಯನಲ್ಲ, ಜನಸಮೂಹದ ಸರಾಸರಿ ಹುಡುಕುತ್ತಿದ್ದವನು. ಒಬ್ಬೊಬ್ಬರ ಮೈಯಲ್ಲಿ ಎಷ್ಟು ಕೊಬ್ಬು, ಎಷ್ಟು ಸ್ನಾಯು ಅಂತ ಈ ಸೂತ್ರ ಹೇಳಲಾರದು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಜಾನ್ ಯುಡ್ಕಿನ್ 2004ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋ ಹಾಕಿ ಇದನ್ನ ತೋರಿಸಿಕೊಟ್ಟರು. ಇಬ್ಬರದ್ದೂ ಬಿ.ಎಂ.ಐ. 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ನೋಡೋಕೆ ತೆಳ್ಳಗೆ, ಒಳಗೆ ಕೊಬ್ಬು ಜಾಸ್ತಿ, ಸ್ನಾಯು ಕಮ್ಮಿ. ಇದು ನಮ್ಮ ಕಡೆಯವರ ಮೈ. ಇಂಥ ಮೈ ಇರೋ ದೇಶದಲ್ಲಿ ಹೆಣ್ಣುಮಕ್ಕಳಿಗೆ "ತೂಕ ಇಳಿಸು" ಅನ್ನೋದೊಂದೇ ಸಲಹೆ ಆದರೆ, ಮೊದಲೇ ಕಮ್ಮಿ ಇರೋ ಸ್ನಾಯುವನ್ನೂ ಇಳಿಸು ಅಂದ ಹಾಗೆ. ಬರೀ ಊಟ ಬಿಟ್ಟು ಇಳಿಸಿದ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಹೋಗಿರುತ್ತೆ.

ನಮ್ಮ ಆಫೀಸುಗಳು ಇದಕ್ಕೆ ಬಹುಮಾನ ಬೇರೆ ಕೊಡ್ತವೆ. ನಾನು ಹಿಂದೆ ಇದ್ದ ಕಂಪನಿಯಲ್ಲಿ ಎಂಟು ವಾರದ "ವೇಟ್ ಲಾಸ್ ಚಾಲೆಂಜ್" ಇಟ್ಟಿದ್ದರು. ಗೆದ್ದವರಿಗೆ ಸ್ಮಾರ್ಟ್ ವಾಚು. ಕೊನೇ ವಾರ ಊಟ ಬಿಟ್ಟು, ಕೊನೇ ದಿನ ನೀರನ್ನೂ ಬಿಟ್ಟು ಮಷೀನು ಹತ್ತಿದ ಹುಡುಗಿ ಗೆದ್ದಳು. ಟೆಸ್ಟಿಂಗ್ ಟೀಮಿನ ಇನ್ನೊಬ್ಬಳು ಅದೇ ಎಂಟು ವಾರದಲ್ಲಿ, ಜೀವನದಲ್ಲಿ ಮೊದಲ ಸಲ, ಮಂಡಿ ಊರದೆ ಹತ್ತು ಪುಷ್‌ಅಪ್ ಹೊಡೆದಳು. ತೂಕ 800 ಗ್ರಾಂ ಏರಿತ್ತು. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಕೆಂಪು ಬಣ್ಣ. ಆ ಕೆಂಪು ಬಣ್ಣ ನೋಡಿದ ಮೇಲೆ ಅವಳು ಪುಷ್‌ಅಪ್ ನಿಲ್ಲಿಸಿದಳು. ಇದನ್ನ ನಮ್ಮ ಎಚ್.ಆರ್. ನವರು "ವೆಲ್‌ನೆಸ್" ಅಂತ ಕರೀತಾರೆ.

"ಭಾರ ಎತ್ತಿದ್ರೆ ಗಂಡಸಿನ ಥರ ಆಗ್ತೀಯ" ಅನ್ನೋ ಮಾತಿಗೂ ಉತ್ತರ ಕೊಟ್ಟುಬಿಡೋಣ. ವಯಸ್ಸಿಗೆ ಬಂದ ಗಂಡಸಿನ ರಕ್ತದಲ್ಲಿ ಟೆಸ್ಟೋಸ್ಟಿರಾನ್ ಹೆಂಗಸಿಗಿಂತ ಹತ್ತಿಪ್ಪತ್ತು ಪಟ್ಟು ಇರುತ್ತೆ. ಹೊಸದಾಗಿ ಶುರು ಮಾಡಿದ ಹೆಂಗಸು ಚೆನ್ನಾಗಿ ತಿಂದು, ನಿದ್ದೆ ಮಾಡಿ, ಶ್ರದ್ಧೆಯಿಂದ ಎತ್ತಿದರೆ ತಿಂಗಳಿಗೆ ಅರ್ಧ ಕಿಲೋ ಸ್ನಾಯು ಬಂದರೆ ಅದೇ ಹೆಚ್ಚು. ವರ್ಷ ಕಳೆದಂತೆ ಅದೂ ನಿಧಾನವಾಗುತ್ತೆ. ಬೆಳಗ್ಗೆ ಎದ್ದು ಕನ್ನಡಿ ನೋಡಿದರೆ ಭುಜ ಬಾಗಿಲಿಗೆ ಹಿಡಿಸ್ತಿಲ್ಲ ಅನ್ನೋ ಹಾಗೆ ಯಾರಿಗೂ ಆಗಲ್ಲ. ಹಾಗಾಗಬೇಕು ಅಂತ ವರ್ಷಗಟ್ಟಲೆ ಒದ್ದಾಡೋ ಗಂಡಸರನ್ನ ಅದೇ ಜಿಮ್ಮಿನಲ್ಲಿ ಕೇಳಿ ನೋಡಿ! ಇನ್ನು ಟ್ರೇನರುಗಳು ಹೇಳೋ "ನಿಮಗೆ ಟೋನಿಂಗ್ ಸಾಕು ಮೇಡಂ" ಅನ್ನೋದು. ಟೋನಿಂಗ್ ಅನ್ನೋ ಪ್ರತ್ಯೇಕ ವಿದ್ಯೆ ಯಾವುದೂ ಇಲ್ಲ. ಸ್ನಾಯು ಬೆಳೆದು, ಅದರ ಮೇಲಿನ ಕೊಬ್ಬು ಕರಗಿದಾಗ ಕಾಣೋದೇ ಅದು. ಎರಡು ಕಿಲೋದ ಪಿಂಕ್ ಡಂಬೆಲ್ ಅನ್ನು ವರ್ಷಪೂರ್ತಿ ಆಡಿಸಿದರೆ ಅದು ಬರಲ್ಲ.

ತಮಾಷೆ ನೋಡಿ. ಹೆಣ್ಣು ಭಾರ ಎತ್ತಬಾರದು ಅನ್ನೋ ಮನೆಯಲ್ಲೇ, ಸುಮಾರು 30 ಕಿಲೋದ ತುಂಬಿದ ಸಿಲಿಂಡರನ್ನು ಅಡುಗೆಮನೆಗೆ ಎಳ್ಕೊಂಡು ಹೋಗೋದು ಅಮ್ಮ. ನಾವು ಕೂತು ಕೋಡ್ ಬರೆಯೋ ಗಾಜಿನ ಕಟ್ಟಡಕ್ಕೆ ಬಾಂಡ್ಲಿಯಲ್ಲಿ ಜಲ್ಲಿ ಹೊತ್ತಿದ್ದು ಹೆಂಗಸರೇ. ಆಗ ಯಾರಿಗೂ ಹೆಣ್ತನ ನೆನಪಾಗಲ್ಲ. ಅವಳು ತನಗೋಸ್ಕರ, ತನ್ನ ಇಷ್ಟಕ್ಕೆ, ದುಡ್ಡು ಕೊಟ್ಟು ಭಾರ ಎತ್ತಿದಾಗ ಮಾತ್ರ ನೆನಪಾಗುತ್ತೆ. ಚಿತ್ರದುರ್ಗದ ಕೋಟೆಗೆ ಹೋಗಿ ಓಬವ್ವನ ಕಿಂಡಿಯ ಮುಂದೆ ಸೆಲ್ಫಿ ತೆಗೆಸ್ಕೊಳ್ಳೋ ನಾವು ಅವಳ ತೂಕ ಎಷ್ಟಿತ್ತು ಅಂತ ಯಾವತ್ತಾದರೂ ಕೇಳಿದ್ದೀವಾ? ಒನಕೆ ಎತ್ತೋ ತೋಳಿತ್ತು, ಅಷ್ಟೇ ಸಾಕಾಯ್ತು.

ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಕರ್ಣಂ ಮಲ್ಲೇಶ್ವರಿ. ಅವರು 1994 ಮತ್ತು 1995ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದು 54 ಕಿಲೋ ವಿಭಾಗದಲ್ಲಿ. 2000ದ ಸಿಡ್ನಿಯಲ್ಲಿ, ಮಹಿಳಾ ವೇಟ್‌ಲಿಫ್ಟಿಂಗ್ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಬಂದಾಗ, ಕಂಚು ಗೆದ್ದಿದ್ದು 69 ಕಿಲೋ ವಿಭಾಗದಲ್ಲಿ, ಒಟ್ಟು 240 ಕಿಲೋ ಎತ್ತಿ. ಅದೇ ಕ್ರೀಡೆಯಲ್ಲಿ ಮೀರಾಬಾಯಿ ಚಾನು ಟೋಕಿಯೊದಲ್ಲಿ ಬೆಳ್ಳಿ ಗೆದ್ದಿದ್ದು 49 ಕಿಲೋ ವಿಭಾಗದಲ್ಲಿ. ಒಂದೇ ಸಲಕ್ಕೆ ತಲೆಯ ಮೇಲೆ ಎತ್ತಿದ್ದು 115 ಕಿಲೋ. ಒಬ್ಬರು ಐದಡಿ ಎತ್ತರದ ಪುಟ್ಟ ದೇಹ, ಇನ್ನೊಬ್ಬರು ತೂಕ ಏರಿಸಿಕೊಂಡು ಬಂದವರು. ಇಬ್ಬರ ಕೊರಳಲ್ಲೂ ಪದಕ. ಅಲ್ಲೂ ತೂಕ ನೋಡ್ತಾರೆ, ಯಾರ ಜೊತೆ ಸ್ಪರ್ಧೆ ಅಂತ ಗೊತ್ತುಮಾಡೋಕೆ. ಪದಕ ಕೊಡೋದು ಎತ್ತಿದ್ದಕ್ಕೆ.

"ನಮಗೇನು ಒಲಿಂಪಿಕ್ಸಿಗೆ ಹೋಗಬೇಕಾ?" ಅನ್ನಬಹುದು. ಬೇಡ. ಆದರೆ ಬಚ್ಚಲುಮನೆಗೆ ಹೋಗಬೇಕಲ್ಲ, ಎಪ್ಪತ್ತನೇ ವಯಸ್ಸಿನಲ್ಲಿ? ನಮ್ಮಜ್ಜಿ ಜೀವನಪೂರ್ತಿ "ಕಡ್ಡಿ ಹಾಗಿದ್ದಾಳೆ ನೋಡು, ಒಂಚೂರೂ ಮೈ ಬಂದಿಲ್ಲ" ಅಂತ ಹೊಗಳಿಸಿಕೊಂಡವರು. ಎಪ್ಪತ್ತೆರಡಕ್ಕೆ ಬಚ್ಚಲಲ್ಲಿ ಜಾರಿದರು. ಸೊಂಟದ ಮೂಳೆ ಮುರೀತು. ಮತ್ತೆ ಎದ್ದು ಓಡಾಡಲಿಲ್ಲ. ಮೂವತ್ತು ದಾಟಿದ ಮೇಲೆ ಸುಮ್ಮನೆ ಕೂತರೆ ಪ್ರತಿ ದಶಕಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತೆ. ಮುಟ್ಟು ನಿಂತ ಮೇಲೆ ಮೂಳೆ ಸವೆಯೋ ವೇಗ ಹೆಚ್ಚುತ್ತೆ. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದವರು ಮೂಳೆ ಸವೆದಿದ್ದ, ಮುಟ್ಟು ನಿಂತ ಹೆಂಗಸರಿಂದ ವಾರಕ್ಕೆರಡು ದಿನ, ಅರ್ಧರ್ಧ ಗಂಟೆ, ಎಂಟು ತಿಂಗಳು ಭಾರ ಎತ್ತಿಸಿದರು. ಡೆಡ್‌ಲಿಫ್ಟ್, ಸ್ಕ್ವಾಟ್, ತಲೆ ಮೇಲೆತ್ತೋ ಪ್ರೆಸ್, ಎಲ್ಲ ನಿಜವಾದ ಭಾರ, ಪರಿಣಿತರ ಕಣ್ಣೆದುರು. ಬೆನ್ನುಮೂಳೆಯ ಸಾಂದ್ರತೆ ಸುಮಾರು ಶೇ. 3ರಷ್ಟು ಹೆಚ್ಚಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿಕೊಂಡಿದ್ದವರಿಗೆ ಆ ಲಾಭ ಸಿಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೂಡ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸೋ ವ್ಯಾಯಾಮ ಮಾಡಿ ಅನ್ನುತ್ತೆ, ಗಂಡಸರಿಗೂ ಹೆಂಗಸರಿಗೂ.

ಮತ್ತೆ ತಿನ್ನೋ ವಿಷಯ. ತೂಕಕ್ಕೆ ಹೆದರಿದವಳು ಮೊದಲು ಕಡಿಮೆ ಮಾಡೋದು ತಟ್ಟೆಯಲ್ಲಿರೋದನ್ನ. ಐ.ಸಿ.ಎಂ.ಆರ್. ಲೆಕ್ಕದ ಪ್ರಕಾರ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ಇರೋ ನನಗೆ 50 ಗ್ರಾಂ. ಭಾರ ಎತ್ತೋರಿಗೆ ಇನ್ನೂ ಜಾಸ್ತಿ ಬೇಕು. ಒಂದು ಮೊಟ್ಟೆಯಲ್ಲಿ ಸಿಗೋದು 6 ಗ್ರಾಂ. ಈಗ ನಿಮ್ಮ ಮನೆಯ ಊಟ ನೆನೆಸ್ಕೊಳ್ಳಿ. ಸಾರಿನ ಪಾತ್ರೆಯ ತಳದಿಂದ ಗಟ್ಟಿ ಬೇಳೆ ಎತ್ತಿ ಯಾರ ತಟ್ಟೆಗೆ ಬಡಿಸ್ತಾರೆ? ಕೊನೆಗೆ ಕೂತವಳಿಗೆ ಉಳಿಯೋದೇನು? ಮೊಟ್ಟೆ, ಮೀನು, ಕಾಳು, ಪನೀರ್, ಸೋಯಾ, ಅವರವರ ಮನೆಯ ಪದ್ಧತಿ ಯಾವುದೋ ಅದು. ಆದರೆ ತಿನ್ನಲೇಬೇಕು.

ಹಾಗಂತ ತೂಕಕ್ಕೆ ಬೆಲೆಯೇ ಇಲ್ಲ ಅಂತ ನಾನು ಹೇಳ್ತಿಲ್ಲ. ಶುಗರ್ ಇದ್ದವರು, ಮಂಡಿ ನೋವಿನವರು ಕೊಬ್ಬು ಇಳಿಸಬೇಕು ಅಂತ ಡಾಕ್ಟರು ಹೇಳಿದರೆ ಇಳಿಸಲೇಬೇಕು. ಕೊಬ್ಬು ಇಳೀತಾ ಇದೆಯಾ ಅಂತ ನೋಡೋಕೂ ಮಷೀನೊಂದೇ ಸಾಲದು ಅನ್ನೋದು ನನ್ನ ಮಾತು. ಮೂವತ್ತು ರೂಪಾಯಿಯ ಟೇಪು ತಗೊಳ್ಳಿ, ಸೊಂಟ ಅಳೆಯಿರಿ. ಎಷ್ಟು ಎತ್ತಿದಿರಿ ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ತೂಕ ನೋಡಲೇಬೇಕು ಅನ್ನಿಸಿದರೆ ಒಂದೇ ದಿನದ ಅಂಕಿ ನೋಡಿ ಅಳಬೇಡಿ, ಈ ತಿಂಗಳ ಸರಾಸರಿಯನ್ನ ಹೋದ ತಿಂಗಳ ಸರಾಸರಿ ಜೊತೆ ಇಟ್ಟು ನೋಡಿ.

ಜಿಮ್ಮಿನವರಿಗೆ ಒಂದು ಮಾತು: ಹೆಂಗಸು ಸೇರಿದ ದಿನ ಅವಳ ತೂಕ ಬರ್ಕೊಳ್ಳೋ ಮುಂಚೆ ಅವಳ ಕೈಗೆ ಬಾರ್ ಕೊಡಿ. ಮೂರನೇ ವಾರ ಮಷೀನು ಮೇಲೇರುತ್ತೆ, ಹೆದರಬೇಡಿ ಅಂತ ಮೊದಲೇ ಹೇಳಿ. ಎಚ್.ಆರ್. ನವರಿಗೆ: ಮುಂದಿನ ಚಾಲೆಂಜಿನಲ್ಲಿ ಯಾರು ಎಷ್ಟು ಬಲ ಗಳಿಸಿದರು ಅಂತ ಎಣಿಸಿ. ದೊಡ್ಡಮ್ಮಂದಿರಿಗೆ: ಪ್ರೀತಿಯಿಂದಲೇ ಕೇಳ್ತೀರ, ಗೊತ್ತು. ಇನ್ನು ಮೇಲೆ "ಎಷ್ಟು ಎತ್ತುತ್ತೀಯೇ?" ಅಂತ ಕೇಳಿ.

ನಾನು 75 ಎತ್ತುತ್ತೀನಿ. ತೂಕ 60, ಅದನ್ನೂ ಬರ್ಕೊಳ್ಳಿ, ಗುಟ್ಟೇನಿಲ್ಲ. ಮುಂದಿನ ವರ್ಷ 62 ಆದರೂ ಆಗಬಹುದು.